ಕಾಯ್ದಿರಿಸಿದ ದಿನಾಂಕ: ಆರೋಗ್ಯವೃತ್ತಿಯ ಇಂಗ್ಲಿಷ್ ಪರೀಕ್ಷೆಯ ಇತಿಹಾಸದಲ್ಲಿ ವೃತ್ತಿ, ಕಾಲ ಮತ್ತು ನುಡಿ

ಭಾಷಾಪರೀಕ್ಷೆಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಪ್ರಶ್ನೆಪತ್ರಿಕೆಯ ಇತಿಹಾಸವನ್ನೇ ಬರೆದಿದ್ದಾರೆ. ಯಾವ ಬಗೆಯ ಪ್ರಶ್ನೆಗಳಿದ್ದವು, ಅವುಗಳ ಹಿಂದೆ ಯಾವ ಭಾಷಾಸಿದ್ಧಾಂತವಿತ್ತು, ಅಂಕಗಳನ್ನು ಹೇಗೆ ಲೆಕ್ಕ ಹಾಕಲಾಯಿತು ಎಂಬುವು ಅಲ್ಲಿನ ಮುಖ್ಯ ಸಂಗತಿಗಳು. ಅಭ್ಯರ್ಥಿಯು ಪರೀಕ್ಷಾ ಕೊಠಡಿಗೆ ಕಾಲಿಡುವ ಮೊದಲು ತುಂಬುವ ಅರ್ಜಿ, ಆರಿಸಿಕೊಳ್ಳುವ ದಿನಾಂಕ, ಕಟ್ಟುವ ಶುಲ್ಕ ಇವೆಲ್ಲ ಕಚೇರಿಯ ವಿವರಗಳೆಂದು ಬದಿಗೆ ಸರಿದಿವೆ. ಆರೋಗ್ಯ ಕ್ಷೇತ್ರದ ವೃತ್ತಿಪರರಿಗೆಂದೇ ರೂಪುಗೊಂಡ ಆಕ್ಯುಪೇಶನಲ್ ಇಂಗ್ಲಿಷ್ ಟೆಸ್ಟ್ ಎಂಬ ಪರೀಕ್ಷೆಯನ್ನು ಎದುರಿಗಿಟ್ಟುಕೊಂಡು ಈ ವಿಂಗಡಣೆ ನಿಲ್ಲುವುದಿಲ್ಲವೆಂದು ನಾವಿಲ್ಲಿ ವಾದಿಸುತ್ತೇವೆ. ಮುಂದೆ ಇದನ್ನು ಒಇಟಿ ಎಂದು ಕರೆಯುತ್ತೇವೆ. ಅದರ ಅರ್ಜಿಯಲ್ಲಿ ಕೇಳುವ ವೃತ್ತಿ, ದಿನ ಮತ್ತು ಫಲಿತಾಂಶಕ್ಕೆ ಕಟ್ಟಿರುವ ಗಡುವು ಒಂದೊಂದೂ ಭಾಷಾಸಾಮರ್ಥ್ಯವೆಂದರೇನು ಎಂಬ ಪ್ರಶ್ನೆಗೆ ಕೊಟ್ಟ ಉತ್ತರವಾಗಿದೆ. ಆ ಉತ್ತರಗಳನ್ನು ಭಾಷಾವಿಜ್ಞಾನಿಗಳು ಕೊಟ್ಟದ್ದು ಅಪರೂಪ. ಬಹುಪಾಲು ಕೊಟ್ಟದ್ದು ನೋಂದಣಿ ಮಂಡಳಿಗಳು.

ಭಾರತದ ವೈದ್ಯರ ಮಟ್ಟಿಗೆ ಈ ಕಥೆ ಭಾಷೆಯಿಂದ ಆರಂಭವಾಗುವುದಿಲ್ಲ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 1930ರಲ್ಲಿ ಭಾರತೀಯ ವೈದ್ಯಪದವಿಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಾಗ ಎತ್ತಿದ ಆಕ್ಷೇಪ ಪ್ರಸೂತಿ ಶಿಕ್ಷಣದ ಕೊರತೆಯನ್ನು ಕುರಿತದ್ದಾಗಿತ್ತು. 1933ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಗೆ ಆ ಬಿಕ್ಕಟ್ಟು ಒಂದು ಹಿನ್ನೆಲೆ. ಮಾನ್ಯತೆ ಮತ್ತೆ ರದ್ದಾದ 1975ರ ಹೊತ್ತಿಗೆ ಆಕ್ಷೇಪದ ಸ್ವರೂಪ ಬದಲಾಗಿತ್ತು. ತಾತ್ಕಾಲಿಕ ನೋಂದಣಿ ಬಯಸುವ ವಿದೇಶಿ ವೈದ್ಯರಿಗೆ ಆ ವರ್ಷ ಆರಂಭವಾದ ಪರೀಕ್ಷೆಯಲ್ಲಿ ವೈದ್ಯಜ್ಞಾನದ ಜೊತೆಗೆ ಇಂಗ್ಲಿಷ್ ಕೂಡ ಸೇರಿತು. 1835ರಿಂದ ಇಂಗ್ಲಿಷಿನಲ್ಲೇ ಆಧುನಿಕ ವೈದ್ಯಶಾಸ್ತ್ರವನ್ನು ಕಲಿಸುತ್ತ ಬಂದ ದೇಶದ ಪದವೀಧರರಿಗೆ ಇಂಗ್ಲಿಷ್ ಪರೀಕ್ಷೆ! ಇದನ್ನು ಅವಮಾನವೆಂದು ಬಗೆದವರ ಭಾವನೆ ಅರ್ಥವಾಗುವಂಥದು. ಆದರೆ ಪಠ್ಯದ ಇಂಗ್ಲಿಷ್ ಬೇರೆ, ರೋಗಿಯ ಎದುರಿನ ಇಂಗ್ಲಿಷ್ ಬೇರೆ ಎಂಬ ಅರಿವು ಅಲ್ಲಿ ಮಸುಕಾಗಿಯಾದರೂ ಇತ್ತೆಂಬುದನ್ನು ಮರೆಯುವಂತಿಲ್ಲ. ಮುಂದೆ ಪಿಎಲ್ಎಬಿ ಎಂದು ಹೆಸರಾದ ಆ ಪರೀಕ್ಷೆಯಿಂದ 1990ರ ದಶಕದಲ್ಲಿ ಭಾಷೆಯ ಭಾಗವನ್ನು ಬೇರ್ಪಡಿಸಿ, ಅದರ ಜಾಗದಲ್ಲಿ ಐಇಎಲ್‌ಟಿಎಸ್ ಅನ್ನು ಪೂರ್ವಷರತ್ತಾಗಿ ಇಡಲಾಯಿತು. ಹೆಸರಿನಲ್ಲಿರುವ 'ಭಾಷಿಕ' ಎಂಬರ್ಥದ ಪದ ಮಾತ್ರ ಇಂದಿಗೂ ಉಳಿದುಕೊಂಡಿದೆ, ಮನೆ ಬಿಟ್ಟು ಹೋದವರ ನಾಮಫಲಕದಂತೆ.

ವೃತ್ತಿಗೆಂದೇ ಕಟ್ಟಿದ ಪರೀಕ್ಷೆ

ಒಇಟಿ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಬಿಳಿಯರಿಗಷ್ಟೇ ಬಾಗಿಲು ತೆರೆಯುತ್ತಿದ್ದ ವಲಸೆ ನೀತಿ 1973ರಲ್ಲಿ ಕೊನೆಗೊಂಡಿತು. ಆ ದಶಕದ ಉತ್ತರಾರ್ಧದಲ್ಲಿ ವಿಯೆಟ್ನಾಮಿನ ನಿರಾಶ್ರಿತರೂ ಬಂದರು. ವಲಸೆ ಬಂದ ವೈದ್ಯರು, ದಂತವೈದ್ಯರು, ಶುಶ್ರೂಷಕರು ಮತ್ತೆ ವೃತ್ತಿಗೆ ಮರಳಬೇಕಾದರೆ ದಾಟಬೇಕಾದ ಮೂರು ಬಾಗಿಲುಗಳಲ್ಲಿ ಇಂಗ್ಲಿಷ್ ಮೊದಲನೆಯದು. ಅನಂತರ ವೃತ್ತಿಜ್ಞಾನದ ಲಿಖಿತ ಪರೀಕ್ಷೆ, ಕೊನೆಗೆ ರೋಗಿಯ ಹಾಸಿಗೆಯ ಬದಿಯ ಪರೀಕ್ಷೆ. ಮೊದಲ ಬಾಗಿಲಲ್ಲಿದ್ದ ಸಾಮಾನ್ಯ ಸ್ವರೂಪದ ಇಂಗ್ಲಿಷ್ ಪರೀಕ್ಷೆಯನ್ನು ಚಾರ್ಲ್ಸ್ ಆಲ್ಡರ್ಸನ್ ಮತ್ತು ಸಂಗಡಿಗರು 1986ರಲ್ಲಿ ಪರಿಶೀಲಿಸಿದರು. ಅದರ ಬೆನ್ನಿಗೇ ಆಸ್ಟ್ರೇಲಿಯಾ ಸರ್ಕಾರದ ಪರವಾಗಿ ಹೊಸ ಪರೀಕ್ಷೆಯನ್ನು ರೂಪಿಸಿದವರು ಮೆಲ್ಬರ್ನ್ ವಿಶ್ವವಿದ್ಯಾಲಯದ ಟಿಮ್ ಮೆಕ್‌ನಮಾರಾ. ಕೇಳುವಿಕೆ ಮತ್ತು ಓದಿನ ಭಾಗಗಳು ಎಲ್ಲ ವೃತ್ತಿಗಳಿಗೂ ಸಮಾನ. ಬರವಣಿಗೆ ಮತ್ತು ಮಾತಿನ ಭಾಗಗಳು ಆಯಾ ವೃತ್ತಿಗೆ ಪ್ರತ್ಯೇಕ. ಈ ಕಟ್ಟೋಣ ಇಂದಿಗೂ ಬದಲಾಗಿಲ್ಲ. ವೈದ್ಯಕೀಯ, ಶುಶ್ರೂಷೆ, ಔಷಧಶಾಸ್ತ್ರ, ಭೌತಚಿಕಿತ್ಸೆಗಳಿಂದ ಹಿಡಿದು ಪಶುವೈದ್ಯದವರೆಗೆ ಈಗ 12 ವೃತ್ತಿಗಳಿವೆ.

ಮೆಕ್‌ನಮಾರಾ ತಮ್ಮ ಪರೀಕ್ಷೆಯ ಬಗೆಗೆ ತಾವೇ ಕಠಿಣರಾಗಿದ್ದರು ಎಂಬುದು ಈ ಇತಿಹಾಸದ ಉಪಯುಕ್ತ ಸಂಗತಿ. ರಾಶ್ ಮಾದರಿಯನ್ನು ಬಳಸಿ 1990ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಂವಹನವೇ ಮುಖ್ಯವೆಂದು ಸಾರಿದ್ದ ಪರೀಕ್ಷೆಯಲ್ಲೂ ಮೌಲ್ಯಮಾಪಕರ ಒಟ್ಟು ತೀರ್ಮಾನವನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ವ್ಯಾಕರಣವೆಂಬುದನ್ನು ಅವರು ತೋರಿಸಿದರು. ಕಾರ್ಯನಿರ್ವಹಣೆಯ ಪರೀಕ್ಷೆಗಳಲ್ಲಿ 'ಬಲವಾದ' ಮತ್ತು 'ದುರ್ಬಲ' ಎಂಬ ಎರಡು ಅರ್ಥಗಳನ್ನು 1996ರ ಗ್ರಂಥದಲ್ಲಿ ಬೇರ್ಪಡಿಸಿದರು. ರೋಗಿಗೆ ಸಮಾಧಾನ ಹೇಳುವ ಕೆಲಸ ನಿಜಕ್ಕೂ ನೆರವೇರಿತೇ ಎಂದು ಅಳೆದರೆ ಅದು ಬಲವಾದ ಅರ್ಥ. ಆ ಕೆಲಸವನ್ನು ನೆಪವಾಗಿಟ್ಟುಕೊಂಡು ಭಾಷೆಯನ್ನಷ್ಟೇ ಅಳೆದರೆ ದುರ್ಬಲ ಅರ್ಥ. ಒಇಟಿ ಎರಡನೆಯ ಬಗೆಗೆ ಸೇರುತ್ತದೆ. ಮೊದಲ ಬಾಗಿಲನ್ನು ದಾಟಿ ಬಂದವರು ರೋಗಿಗಳೊಡನೆ ಸರಿಯಾಗಿ ಮಾತಾಡಲಾರರೆಂಬ ದೂರು ಮೂರನೆಯ ಬಾಗಿಲಲ್ಲಿದ್ದ ವೈದ್ಯ ಶಿಕ್ಷಕರಿಂದ ಬರುತ್ತಿತ್ತು. ಸ್ಯಾಲಿ ಜೇಕಬಿ ಅವರೊಡನೆ 1999ರಲ್ಲಿ ಬರೆದ ಲೇಖನದಲ್ಲಿ ಮೆಕ್‌ನಮಾರಾ ಆ ದೂರನ್ನೂ ಚರ್ಚೆಗೆ ತೆಗೆದುಕೊಂಡರು.

ವಿಶಿಷ್ಟತೆಯ ಬೆಲೆ

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನ ಪಯಣ. ಐಇಎಲ್‌ಟಿಎಸ್‌ನ ಪೂರ್ವಜವಾದ ಇಎಲ್‌ಟಿಎಸ್ 1980ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ಆರು ವಿಷಯವಿಭಾಗಗಳಿದ್ದವು; ವೈದ್ಯಶಾಸ್ತ್ರ ಅವುಗಳಲ್ಲೊಂದು. 1989ರಲ್ಲಿ ಶೈಕ್ಷಣಿಕ ವಿಭಾಗಗಳು ಮೂರಕ್ಕಿಳಿದವು. 1995ರಲ್ಲಿ ಒಂದೇ ಆದವು. ವಿಷಯಜ್ಞಾನವು ಓದಿನ ಅಂಕಗಳ ಮೇಲೆ ಬೀರುವ ಪ್ರಭಾವ ಎಲ್ಲೆಡೆಯೂ ಒಂದೇ ತೆರನಾಗಿಲ್ಲವೆಂಬ ಕ್ಯಾರೊಲಿನ್ ಕ್ಲಾಫಮ್ ಅವರ ಸಂಶೋಧನೆ ಈ ಬದಲಾವಣೆಗೆ ಶಾಸ್ತ್ರೀಯ ಆಧಾರವಾಯಿತು. ಆಡಳಿತದ ಸರಳತೆಯೂ ಕಾರಣವಾಗಿತ್ತು. ಒಂದೇ ಪ್ರಶ್ನೆಪತ್ರಿಕೆಯಾದರೆ ಅದನ್ನು ಹೆಚ್ಚು ಸಲ ನಡೆಸಬಹುದು. ಕಾಗದದ ಮೇಲೆ ಬರೆಯುವ ಐಇಎಲ್‌ಟಿಎಸ್ ವರ್ಷಕ್ಕೆ 48 ನಿಗದಿತ ದಿನಾಂಕಗಳವರೆಗೆ ಬೆಳೆಯಿತು. ಹನ್ನೆರಡು ವೃತ್ತಿಗಳಿಗೆ ಬರವಣಿಗೆಯ ಪ್ರಶ್ನೆಯನ್ನೂ ಮಾತಿನ ಚೀಟಿಗಳನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾದ ಒಇಟಿ, ಬ್ರಿಟನ್ನಿನ ಮಂಡಳಿಗಳ ಮನ್ನಣೆ ದೊರೆತ ಮೇಲೂ, ಕಾಗದದ ರೂಪದಲ್ಲಿ ತಿಂಗಳಿಗೆ ಒಂದು ದಿನಾಂಕದ ಆಸುಪಾಸಿನಲ್ಲೇ ಉಳಿಯಿತು. ಈ ಅಂತರಕ್ಕೆ ಅಭ್ಯರ್ಥಿಗಳ ಸಂಖ್ಯೆಯೂ ಕಾರಣವಿರಬಹುದು. ಆದರೂ ವೃತ್ತಿಭಾಷೆಯ ವಿಶಿಷ್ಟತೆಗೆ ದಿನಾಂಕಗಳ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆಂಬುದು ನಮ್ಮ ತರ್ಕ. ರಿಜಿಸ್ಟರ್ ಎಂಬ ಪರಿಕಲ್ಪನೆಯನ್ನು ತರಗತಿಯಲ್ಲಿ ಬೋಧಿಸುವಾಗ ನಾವು ಇಂಥ ಬೆಲೆಯನ್ನು ಎಣಿಸುವುದೇ ಇಲ್ಲ.

ಬೆಲೆಯ ಇನ್ನೊಂದು ರೂಪ ನೇರವಾಗಿ ಹಣದ್ದು. ಹಲವು ವರ್ಷಗಳ ಕಾಲ ಒಇಟಿಯ ಶುಲ್ಕ 587 ಆಸ್ಟ್ರೇಲಿಯನ್ ಡಾಲರ್. ಕರ್ನಾಟಕದ ಖಾಸಗಿ ಆಸ್ಪತ್ರೆಯೊಂದರಲ್ಲಿ ವೃತ್ತಿ ಆರಂಭಿಸಿದ ನರ್ಸ್ ಒಬ್ಬರಿಗೆ ಇದು ಹಗುರವಾದ ಮೊತ್ತವಲ್ಲ. ಅರ್ಜಿಯಲ್ಲಿ ಮೊದಲು ಎಡವುವುದು ಮಾತ್ರ ಹಣದ ವಿಷಯದಲ್ಲಲ್ಲ, ಹೆಸರಿನಲ್ಲಿ. ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬರೆಯುವ ನಮ್ಮ ಪದ್ಧತಿ ಪದವಿಪತ್ರದಲ್ಲಿ ಒಂದು ಬಗೆಯಲ್ಲಿ, ಅವುಗಳನ್ನು ಬಿಡಿಸಿ ಬರೆಯಬೇಕಾದ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಗೆ ಪಾಸ್‌ಪೋರ್ಟಿನ ರೂಪವೇ ಪ್ರಮಾಣ. ಹಾಗಾಗಿ ಊರ ಹೆಸರು ಕುಟುಂಬದ ಹೆಸರಾಗಿಬಿಡುವುದುಂಟು. ವ್ಯಕ್ತಿನಾಮಗಳ ಅಧ್ಯಯನ ಮಾಡುವವರು ಇತ್ತ ಗಮನ ಹರಿಸಬಹುದು.

ಒಂದೇ ಸರದಿಯೆಂಬ ಕಲ್ಪನೆ

2013ರಲ್ಲಿ ಒಇಟಿಯ ಒಡೆತನ ಕೇಂಬ್ರಿಜ್ ಮತ್ತು ಮೆಲ್ಬರ್ನಿನ ಬಾಕ್ಸ್ ಹಿಲ್ ಇನ್‌ಸ್ಟಿಟ್ಯೂಟ್ ಸೇರಿ ಕಟ್ಟಿದ ಸಂಸ್ಥೆಗೆ ಬಂತು. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2017ರ ನವೆಂಬರಿನಿಂದಲೂ, ಜನರಲ್ ಮೆಡಿಕಲ್ ಕೌನ್ಸಿಲ್ 2018ರಿಂದಲೂ ಅದನ್ನು ಮಾನ್ಯ ಮಾಡಿದವು. ಭಾರತದ ಅಭ್ಯರ್ಥಿಗಳ ಪಾಲಿಗೆ ದಿನಾಂಕವೆಂಬುದು ಲೆಕ್ಕಾಚಾರದ ವಸ್ತುವಾದದ್ದು ಇಲ್ಲಿಂದ ಮುಂದೆ. ಅಂಕಗಳು 0ಯಿಂದ 500ರವರೆಗೆ, ಹತ್ತರ ಹೆಜ್ಜೆಗಳಲ್ಲಿ. 350 ಬಂದರೆ ಬಿ ಶ್ರೇಣಿ. ವೈದ್ಯರಿಗೆ ನಾಲ್ಕೂ ಭಾಗಗಳಲ್ಲಿ ಒಂದೇ ಸರದಿಯಲ್ಲಿ ಬಿ ಬರಬೇಕು. ಮೂರು ಭಾಗಗಳಲ್ಲಿ 400 ಬಂದು ಬರವಣಿಗೆಯಲ್ಲಿ 340 ಬಂದರೆ ನಾಲ್ಕನ್ನೂ ಮತ್ತೆ ಬರೆಯಬೇಕು.

ಈ 'ಒಂದೇ ಸರದಿ' ಎಂಬ ನಿಯಮ ಭಾಷಾವಿಜ್ಞಾನದ ದೃಷ್ಟಿಯಿಂದ ಏನು ಹೇಳುತ್ತದೆ? ಭಾಷಾಸಾಮರ್ಥ್ಯ ಒಂದು ಅಖಂಡ ಘಟಕ, ಅದರ ನಾಲ್ಕು ಮುಖಗಳನ್ನು ಒಂದೇ ಕ್ಷಣದಲ್ಲಿ ಹಿಡಿದರೆ ಮಾತ್ರ ಅದು ಸತ್ಯ, ಎಂದು. ಆದರೆ ಮಾತಿನ ಭಾಗವನ್ನು ಉಳಿದ ಮೂರು ಭಾಗಗಳ ದಿನವೇ ನಡೆಸಬೇಕೆಂದಿಲ್ಲ; ಅದಕ್ಕೆ ಬೇರೆ ವೇಳೆ, ಕೆಲವೊಮ್ಮೆ ಬೇರೆ ದಿನವೂ ನಿಗದಿಯಾಗುತ್ತದೆ. ಸರದಿ ಎಂಬುದು ಕಾಲದ ಘಟಕವಲ್ಲ, ರಸೀದಿಯ ಘಟಕ. ನರ್ಸಿಂಗ್ ಮಂಡಳಿ 2016ರಲ್ಲಿ ಐಇಎಲ್‌ಟಿಎಸ್‌ಗೆ ಸಂಬಂಧಿಸಿದಂತೆ ಆರು ತಿಂಗಳೊಳಗಿನ ಎರಡು ಸರದಿಗಳ ಅಂಕಗಳನ್ನು ಕೂಡಿಸಲು ಅವಕಾಶ ಕೊಟ್ಟಿತು. 2023ರಲ್ಲಿ ಆ ಅವಧಿ ಹನ್ನೆರಡು ತಿಂಗಳಾಯಿತು. ಬರವಣಿಗೆಯ ಕನಿಷ್ಠ ಮಟ್ಟವನ್ನೂ ಐಇಎಲ್‌ಟಿಎಸ್‌ನಲ್ಲಿ 2018ರ ಕೊನೆಗೆ 7ರಿಂದ 6.5ಕ್ಕೆ, ಒಇಟಿಯಲ್ಲಿ 2020ರ ಆರಂಭಕ್ಕೆ ಬಿಯಿಂದ ಸಿ ಪ್ಲಸ್‌ಗೆ ಇಳಿಸಲಾಯಿತು. ಆ ನಡುವೆ ಇಂಗ್ಲಿಷ್ ಭಾಷೆಯೇನೂ ಬದಲಾಗಿರಲಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನರ್ಸುಗಳ ಹುದ್ದೆಗಳು ಖಾಲಿ ಬಿದ್ದಿದ್ದವು. ಒಂದೇ ವೃತ್ತಿಕ್ಷೇತ್ರ, ಒಂದೇ ಪರೀಕ್ಷೆ, ಒಂದೇ ದೇಶ; ಆದರೂ ವೈದ್ಯರ ಸಾಮರ್ಥ್ಯ ಅಖಂಡ, ನರ್ಸುಗಳದು ಕೂಡಿಸಬಹುದಾದದ್ದು. ಭಾಷಾಪರೀಕ್ಷೆಯ ಸಾಮಾಜಿಕ ಆಯಾಮವನ್ನು ಕುರಿತು ಮೆಕ್‌ನಮಾರಾ ಮತ್ತು ಕಾರ್ಸ್ಟನ್ ರೂವರ್ 2006ರಲ್ಲಿ ಎತ್ತಿದ ಪ್ರಶ್ನೆಗಳಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಸಿಗಲಾರದು.

ಯಾವ ಇಂಗ್ಲಿಷ್?

ಈಗ ಕರ್ನಾಟಕದ ಅಭ್ಯರ್ಥಿಯ ಕಡೆಗೆ ತಿರುಗೋಣ. ದಿನಾಂಕವನ್ನು ಕಾಯ್ದಿರಿಸುವುದೆಂದರೆ ತಾನು ಸಿದ್ಧನಿದ್ದೇನೆ, ಸಿದ್ಧಳಿದ್ದೇನೆ ಎಂದು ತನ್ನ ಭಾಷೆಯ ಬಗ್ಗೆ ತಾನೇ ತೀರ್ಪು ಕೊಟ್ಟುಕೊಳ್ಳುವುದು. ಆ ತೀರ್ಪು ತಪ್ಪುವುದಕ್ಕೆ ನಮ್ಮ ಆಸ್ಪತ್ರೆಗಳ ಭಾಷಾಪರಿಸ್ಥಿತಿಯೇ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣ ಇಂಗ್ಲಿಷಿನಲ್ಲಿ ನಡೆಯುತ್ತದೆ. ವಾರ್ಡಿನ ದಾಖಲೆ, ಪಾಳಿ ಬದಲಾಗುವಾಗಿನ ವರದಿ, ವೈದ್ಯರ ಸೂಚನೆ ಎಲ್ಲ ಇಂಗ್ಲಿಷ್ ಅಥವಾ ಇಂಗ್ಲಿಷ್ ತುಂಬಿದ ಮಾತು. ರೋಗಿಯೊಡನೆ ಮಾತ್ರ ಕನ್ನಡ. ಕರಾವಳಿಯಾದರೆ ತುಳು, ಕೊಂಕಣಿ, ಬ್ಯಾರಿ. ಕಲಬುರಗಿ, ಬೀದರಗಳ ಕಡೆಗೆ ದಖ್ಖನಿಯೂ. ಅಂದರೆ ಇಲ್ಲಿನ ನರ್ಸಿಗೆ ಇಂಗ್ಲಿಷ್ ಸಹೋದ್ಯೋಗಿಯ ನುಡಿ, ಕಾಗದದ ನುಡಿ. ಸಾಂತ್ವನದ ನುಡಿಯಾಗಿ ಅದು ಎಂದೂ ಬಳಕೆಗೆ ಬಂದಿಲ್ಲ. ಒಇಟಿಯ ಮಾತಿನ ಭಾಗ ಕೇಳುವುದು ಇದನ್ನೇ. ಮೂರು ನಿಮಿಷಗಳ ಸಿದ್ಧತೆಯ ಬಳಿಕ ಸುಮಾರು ಐದು ನಿಮಿಷಗಳ ಪಾತ್ರಾಭಿನಯ, ಅಂಥವು ಎರಡು. ಎದುರಿಗೆ ಕುಳಿತವರು ರೋಗಿಯೋ ರೋಗಿಯ ಸಂಬಂಧಿಯೋ ಆಗಿ ಮಾತಾಡುತ್ತಾರೆ, ಅಂಕ ಕೊಡುವುದಿಲ್ಲ. ಮಾತು ಧ್ವನಿಮುದ್ರಣವಾಗಿ ಬೇರೆ ಮೌಲ್ಯಮಾಪಕರ ಬಳಿಗೆ ಹೋಗುತ್ತದೆ.

ತೊಡಕು ಪದಕೋಶದಲ್ಲೇ ಆರಂಭವಾಗುತ್ತದೆ. ಕನ್ನಡದ ರೋಗಿ 'ಶುಗರ್ ಬಂದಿದೆ', 'ಗ್ಯಾಸ್ಟ್ರಿಕ್ ಆಗಿದೆ', 'ಲೂಸ್ ಮೋಷನ್ ಆಗ್ತಿದೆ' ಎನ್ನುತ್ತಾರೆ. ಇವು ಇಂಗ್ಲಿಷ್ ಪದಗಳಂತೆ ತೋರುವ ಕನ್ನಡ ಪದಗಳು. ರೂಪ ಎರವಲು, ಅರ್ಥ ಇಲ್ಲಿನದು. ಶಾಸ್ತ್ರೀಯ ಪದವನ್ನು ಬಿಟ್ಟು ಸರಳ ಪದವನ್ನು ಬಳಸಬೇಕೆಂಬ ಎಚ್ಚರದಲ್ಲಿ ಅಭ್ಯರ್ಥಿ ಕೈಚಾಚುವುದು ಈ ಪದಗಳಿಗೇ. ಬ್ರಿಟನ್ನಿನ ಅಥವಾ ಆಸ್ಟ್ರೇಲಿಯಾದ ರೋಗಿ ತನ್ನ ಮಧುಮೇಹವನ್ನು 'ಶುಗರ್' ಎಂದು ಕರೆಯುವುದಿಲ್ಲ, 'ಗ್ಯಾಸ್ಟ್ರಿಕ್' ಅವರಿಗೆ ನಾಮಪದವೂ ಅಲ್ಲ.

ಇದಕ್ಕಿಂತ ಆಳದ ತೊಡಕು ವಿನಯದ ವ್ಯಾಕರಣದಲ್ಲಿದೆ. 'ಅಜ್ಜಿ, ಸ್ವಲ್ಪ ಈ ಕಡೆ ತಿರುಗಿ' ಎಂಬ ವಾಕ್ಯವನ್ನು ನೋಡೋಣ. ಇದು ಆಜ್ಞಾರ್ಥಕವೇ. ಆದರೂ ಒರಟಾಗಿ ಕೇಳುವುದಿಲ್ಲ. ಬಂಧುವಾಚಕ ಸಂಬೋಧನೆ, ಪರಿಮಾಣವನ್ನು ಸೂಚಿಸದೆ ಒತ್ತಡವನ್ನಷ್ಟೇ ಇಳಿಸುವ 'ಸ್ವಲ್ಪ', ಗೌರವ ಬಹುವಚನ ಎಂಬ ಮೂರು ಸಾಧನಗಳು ಒಟ್ಟಿಗೆ ಕೆಲಸ ಮಾಡಿವೆ. ಇಂಗ್ಲಿಷಿನಲ್ಲಿ ಬಂಧುವಾಚಕದಿಂದ ಅಪರಿಚಿತರನ್ನು ಕರೆಯುವಂತಿಲ್ಲ, ಕ್ರಿಯಾಪದದಲ್ಲಿ ಗೌರವದ ಗುರುತಿಲ್ಲ. ಆ ಭಾರವನ್ನೆಲ್ಲ 'ಕುಡ್', 'ವುಡ್' ಮೊದಲಾದ ಸಹಾಯಕ ಕ್ರಿಯಾಪದಗಳೂ ಪ್ರಶ್ನಾರೂಪವೂ ಹೊರಬೇಕು. ಕನ್ನಡದ ಮೂರು ಸಾಧನಗಳನ್ನು ಕಳಚಿಟ್ಟು ಉಳಿದ ಆಜ್ಞಾರ್ಥಕವನ್ನಷ್ಟೇ ಇಂಗ್ಲಿಷಿಗೆ ದಾಟಿಸಿದರೆ, ಅತ್ಯಂತ ಸೌಜನ್ಯದ ನರ್ಸ್ ಕೂಡ ಗದರಿದಂತೆ ಕೇಳಿಸುತ್ತಾರೆ. ಇಲ್ಲಿ ವ್ಯಾಕರಣದೋಷವಿಲ್ಲ. ಹಾಗಾಗಿ ಹಳೆಯ ಮಾನದಂಡಗಳ ಕಣ್ಣಿಗೆ ಇದು ಬೀಳಬೇಕೆಂದೇನೂ ಇರಲಿಲ್ಲ.

2018ರ ಸೆಪ್ಟೆಂಬರಿನಿಂದ ಬೀಳತೊಡಗಿತು. ಕ್ಯಾಥರಿನ್ ಎಲ್ಡರ್ ಮತ್ತು ಸಂಗಡಿಗರು ಆರೋಗ್ಯ ವೃತ್ತಿಪರರನ್ನೇ ವಿಚಾರಿಸಿ, ಒಳ್ಳೆಯ ಸಂವಹನವೆಂದು ಅವರು ಯಾವುದನ್ನು ಎಣಿಸುತ್ತಾರೆಂದು ದಾಖಲಿಸಿದ ಸಂಶೋಧನೆ 2012ರಲ್ಲಿ ಬಂದಿತ್ತು. ಅದೇ ಜಾಡಿನ ಕೆಲಸದ ಫಲವಾಗಿ ಮಾತಿನ ಮೌಲ್ಯಮಾಪನಕ್ಕೆ ಹೊಸ ಮಾನದಂಡಗಳು ಸೇರಿದವು: ರೋಗಿಯೊಡನೆ ಬಾಂಧವ್ಯ, ರೋಗಿಯ ದೃಷ್ಟಿಯನ್ನು ಅರಿಯುವುದು, ಮಾತಿಗೊಂದು ಕ್ರಮ ಕೊಡುವುದು, ಮಾಹಿತಿ ಪಡೆಯುವುದು, ಮಾಹಿತಿ ಕೊಡುವುದು. ಪರೀಕ್ಷೆ ದುರ್ಬಲ ಅರ್ಥದಿಂದ ಬಲವಾದ ಅರ್ಥದ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಇದನ್ನು ನಾವು ಸ್ವಾಗತಿಸುತ್ತೇವೆ, ಒಂದು ತಕರಾರಿನೊಡನೆ. 'ಏನೂ ಆಗಲ್ಲ, ಹೆದರಬೇಡಿ, ನಾವಿದ್ದೀವಲ್ಲ' ಎಂಬ ಮಾತು ನಮ್ಮ ವಾರ್ಡುಗಳಲ್ಲಿ ಬಾಂಧವ್ಯದ ಮಾತು. ರೋಗಿಯ ಆತಂಕವೇನೆಂದು ಬಿಡಿಸಿ ಕೇಳಬೇಕೆನ್ನುವ ಮಾದರಿಯಲ್ಲಿ ಅದು ಆತಂಕವನ್ನು ಮುಚ್ಚುವ ಮಾತಾಗುತ್ತದೆ. ಯಾವುದು ಸರಿ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಭಾಷೆಯ ಹೆಸರಿನಲ್ಲಿ ಈಗ ಅಳೆಯುತ್ತಿರುವುದು ಆರೈಕೆಯ ಒಂದು ಸಂಸ್ಕೃತಿಯನ್ನೂ ಎಂಬುದು ಅಭ್ಯರ್ಥಿಗೆ ದಿನಾಂಕ ಗೊತ್ತುಮಾಡುವ ಮೊದಲೇ ತಿಳಿದಿರಬೇಕು.

ಬರವಣಿಗೆಯ ಭಾಗದಲ್ಲೂ ಇದೇ ತಿರುವುಮುರುವು. ಕ್ರಿಯಾಪದವಿಲ್ಲದ ತುಣುಕು ಟಿಪ್ಪಣಿಗಳನ್ನು ದಿನವೂ ಬರೆಯುವ ಕೈ, ಅಂಥದೇ ಟಿಪ್ಪಣಿಗಳನ್ನು ಐದು ನಿಮಿಷ ಓದಿ, ನಲವತ್ತು ನಿಮಿಷಗಳಲ್ಲಿ ಸುಮಾರು 180ರಿಂದ 200 ಪದಗಳ ಪೂರ್ಣವಾಕ್ಯದ ಪತ್ರವಾಗಿಸಬೇಕು. ಕನಿಷ್ಠ ಮಟ್ಟವನ್ನು ಇಳಿಸಬೇಕಾಗಿ ಬಂದದ್ದು ಬರವಣಿಗೆಯಲ್ಲೇ ಎಂಬುದು ನಮಗೆ ಆಕಸ್ಮಿಕವೆನಿಸುವುದಿಲ್ಲ.

ಸ್ಥಳವೆಂಬ ಅಡ್ಡಿ

ಅಮೆರಿಕದಲ್ಲಿ ರೋಗಿಯೊಡನೆ ಮಾತಾಡುವ ಇಂಗ್ಲಿಷನ್ನು 2004ರಿಂದ ಯುಎಸ್ಎಂಎಲ್ಇಯ 'ಸ್ಟೆಪ್ 2 ಸಿಎಸ್' ಎಂಬ ಪರೀಕ್ಷೆ ಅಳೆಯುತ್ತಿತ್ತು. ಅಭಿನಯಿಸುವ ರೋಗಿಗಳೊಡನೆ ನಡೆಯುವ ಆ ಪರೀಕ್ಷೆಗೆ ಇದ್ದದ್ದು ಐದೇ ನಗರಗಳು: ಫಿಲಡೆಲ್ಫಿಯಾ, ಅಟ್ಲಾಂಟಾ, ಷಿಕಾಗೊ, ಹ್ಯೂಸ್ಟನ್, ಲಾಸ್ ಏಂಜಲೀಸ್. ಐದೂ ಅಮೆರಿಕದೊಳಗೆ. ಇಲ್ಲಿನ ವೈದ್ಯರಿಗೆ ದಿನಾಂಕ ಕಾಯ್ದಿರಿಸುವುದೆಂದರೆ ವೀಸಾ ಪಡೆದು ವಿಮಾನ ಹತ್ತುವುದಾಗಿತ್ತು. ಕೋವಿಡ್ ಕಾರಣದಿಂದ 2020ರಲ್ಲಿ ನಿಂತ ಆ ಪರೀಕ್ಷೆ 2021ರ ಜನವರಿಯಲ್ಲಿ ಶಾಶ್ವತವಾಗಿ ರದ್ದಾಯಿತು. ವಿದೇಶಿ ಪದವೀಧರರಿಗೆ ಪ್ರಮಾಣಪತ್ರ ನೀಡುವ ಇಸಿಎಫ್ಎಂಜಿ ಅದರ ಭಾಷಿಕ ಭಾಗಕ್ಕೆ ಬದಲಾಗಿ ಒಇಟಿಯ ವೈದ್ಯಕೀಯ ಪತ್ರಿಕೆಯನ್ನು ಆರಿಸಿಕೊಂಡಿತು. ಅದೇ 2020ರಲ್ಲಿ ಒಇಟಿಗೆ ಮನೆಯಿಂದ ಬರೆಯುವ ರೂಪವೂ ಬಂತು. ಕಂಪ್ಯೂಟರಿನ ರೂಪವೂ ಹರಡಿತು. ತಿಂಗಳಿಗೊಂದರಂತಿದ್ದ ದಿನಾಂಕಗಳ ಬಿಗಿ ಸಡಿಲವಾಯಿತು. ಅದರ ಜಾಗಕ್ಕೆ ಬಂದದ್ದು ಬಾಗಿಲು ಮುಚ್ಚಿದ, ಬೇರೆ ಯಾರೂ ಸುಳಿಯದ ಕೋಣೆ ಮತ್ತು ನಡುವೆ ಕಡಿಯದ ಅಂತರ್ಜಾಲ. ನಾಲ್ವರು ಹಂಚಿಕೊಂಡ ಹಾಸ್ಟೆಲ್ ಕೋಣೆಯಲ್ಲಿ ಇವೆರಡೂ ದಿನಾಂಕಕ್ಕಿಂತ ದುರ್ಲಭ.

ಕೊನೆಗೆ ಉಳಿಯುವುದು ಗಡುವು. ಬ್ರಿಟನ್ನಿನ ಎರಡೂ ಮಂಡಳಿಗಳು ಸಾಮಾನ್ಯವಾಗಿ ಎರಡು ವರ್ಷಗಳೊಳಗಿನ ಫಲಿತಾಂಶವನ್ನು ಮಾತ್ರ ಒಪ್ಪುತ್ತವೆ. ಬಳಸದ ಭಾಷೆ ಸವೆಯುತ್ತದೆಂಬ ಊಹೆಯನ್ನು ಭಾಷಾನಷ್ಟದ ಅಧ್ಯಯನಗಳು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಸವೆತ ಎಲ್ಲರಲ್ಲೂ ಒಂದೇ ವೇಗದಲ್ಲಿ ನಡೆಯುತ್ತದೆಂದು, ಅದೂ ಇಪ್ಪತ್ನಾಲ್ಕನೆಯ ತಿಂಗಳಿಗೆ ಗೆರೆ ದಾಟುತ್ತದೆಂದು ಅವು ಹೇಳುವುದೂ ಇಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ನರ್ಸ್ ಒಬ್ಬರು ದಾಖಲೆಗಳ ಪರಿಶೀಲನೆಗೂ ಉದ್ಯೋಗಪತ್ರಕ್ಕೂ ಕಾಯುತ್ತ ಇಲ್ಲಿನ ವಾರ್ಡಿನಲ್ಲೇ ದುಡಿಯುತ್ತಾರೆ. ರೋಗಿಗಳೊಡನೆ ಕನ್ನಡ, ದಾಖಲೆಯಲ್ಲಿ ಇಂಗ್ಲಿಷ್. ಪರೀಕ್ಷೆಗಾಗಿ ರೂಢಿಸಿಕೊಂಡ ಸಾಂತ್ವನದ ಇಂಗ್ಲಿಷಿಗೆ ಅಲ್ಲಿ ಕೆಲಸವಿಲ್ಲ. ಅರ್ಜಿ ಸಲ್ಲುವ ಮೊದಲೇ ಎರಡು ವರ್ಷ ತುಂಬಿದರೆ ಅವರು ಮತ್ತೆ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆದು, ಹನ್ನೆರಡು ವೃತ್ತಿಗಳಲ್ಲಿ ಶುಶ್ರೂಷೆಯನ್ನು ಆರಿಸಿ, ಪಾಳಿಯಿಲ್ಲದ ದಿನವೊಂದನ್ನು ಹುಡುಕಬೇಕಾಗುತ್ತದೆ.